ಎಡಗಾಲಿನ ಮಂಡಿ

ಇಲ್ಲದ ಗಂಡನಿಗೆ ಯಾವ ಕಾಲಿನ ಮಂಡಿ ನೋಯಬೇಕು ಎಂಬುದು ಹಗುರವಾಗಿ ತೀರ್ಮಾನಿಸುವ ವಿಷಯವಲ್ಲ. ಅದಕ್ಕೆ ಸಾವಧಾನ ಬೇಕು, ಮುಂದಾಲೋಚನೆ ಬೇಕು, ಸಾಧ್ಯವಾದರೆ ಹಿರಿಯರ ಸಲಹೆ ಬೇಕು. ಈ ಪ್ರಕರಣದಲ್ಲಿ ಅದು ಲಾಡ್ಜಿನ ಕೌಂಟರಿನ ಮುಂದೆ, ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುವಷ್ಟರಲ್ಲಿ, ಎಡಗಾಲು ಎಂದು ತೀರ್ಮಾನವಾಗಿಬಿಟ್ಟಿತು.

ಹಿರಿಯರ ಸಲಹೆ ಇರಲೇ ಇಲ್ಲವೆಂದಲ್ಲ. ಗಂಡ ಅಕ್ಕನ ಸಲಹೆ. ಮಂಡಿ ಮಾತ್ರ ತಂಗಿಯ ಸ್ವಂತ ಕೊಡುಗೆ. ಇಬ್ಬರೂ ಮದುವೆಯ ಗೊಡವೆಗೆ ಹೋಗದೆ ಒಂದು ಮಹಡಿ ಮನೆಯಲ್ಲಿ ಜಗಳವಾಡಿಕೊಂಡು ಸುಖವಾಗಿದ್ದವರು. ತಂಗಿಗೆ ಹಲ್ಲಿನ ಸೆಟ್ಟು ತಯಾರಿಸುವ ಕೆಲಸ. ಹೊಸ ಯಂತ್ರದ ತರಬೇತಿಗೆಂದು ಮಹಾನಗರಕ್ಕೆ ಬಂದಿದ್ದಳು. ಯಂತ್ರ ಮೊದಲ ದಿನವೇ ಕೈಕೊಟ್ಟಿದ್ದರಿಂದ ಮರುದಿನವಿಡೀ ಬಿಡುವು, ಸಂಜೆಗೆ ಬಸ್ಸು. ಊರು ಸುತ್ತುತ್ತೇನೆ ಎಂದದ್ದೇ ತಡ, ಅಕ್ಕ ಫೋನಿನಲ್ಲಿ ಶುರುಹಚ್ಚಿದಳು. ಬ್ಯಾಗು ಕಳೆದುಹೋದರೆ ಯಾರಾದರೂ ಪುಣ್ಯಾತ್ಮರು ತಂದುಕೊಡಲೆಂದು ಅದಕ್ಕೆ ದಪ್ಪಕ್ಷರದಲ್ಲಿ ಮನೆಯ ವಿಳಾಸ ಬರೆದ ಚೀಟಿ ಕಟ್ಟಿ ಕಳಿಸಿದ್ದವಳು ಅವಳು.

"ಒಬ್ಳೇ ಅಂತ ಯಾರ ಹತ್ರಾನೂ ಬಾಯಿ ಬಿಡ್ಬೇಡ ಕಣೇ. ಯಜಮಾನ್ರು ಹಿಂದೆ ಬರ್ತಿದಾರೆ ಅಂದ್ಬಿಡು."

"ಈ ವಯಸ್ಸಲ್ಲಿ ಯಜಮಾನ್ರನ್ನ ಎಲ್ಲಿಂದ ತರ್ಲಿ ಅಕ್ಕಾ?"

"ಬಾಯಲ್ಲೇ ತಾ. ಅಂಥೋನಿಗೆ ಬಟ್ಟೆ ಒಗೆಯೋ ತಾಪತ್ರಯ ಇರಲ್ಲ."

ಕೌಂಟರಿನವನು ಕೀಲಿಕೈ ಇಸಿದುಕೊಳ್ಳುತ್ತ, ಒಬ್ಬರೇನಾ ಮೇಡಂ ಎಂದು ಕೇಳಿದ. ಇಲ್ಲ, ಯಜಮಾನರು ಇವತ್ತು ಬರುತ್ತಾರೆ, ಮಂಡಿನೋವು, ಸ್ವಲ್ಪ ನಿಧಾನ ಎಂದಳು. ಅವನಿಗೂ ಬಲ ಮಂಡಿ ಹಿಡಿದುಕೊಂಡಿತ್ತಾದ್ದರಿಂದ ತುಂಬ ಆಸ್ಥೆಯಿಂದ ಯಾವ ಕಾಲು ಎಂದು ವಿಚಾರಿಸಿದ. ಪಕ್ಕದ ಸೋಫಾದಲ್ಲಿ ಯಾರೋ ಪೇಪರು ಓದುತ್ತಿದ್ದರು. ಪೇಪರಿನ ಕೆಳಗೆ ಪಾಲಿಶ್ ಮಾಡಿದ ಕಂದು ಬೂಟು ಮಾತ್ರ ಕಾಣುತ್ತಿತ್ತು.

ಬೀದಿಗೆ ಬಿದ್ದ ಮೇಲೆ ಆಕೆಗೆ ಸಂಸಾರ ರುಚಿಸತೊಡಗಿತು. ಸೇತುವೆಯ ಬದಿಯ ಟೀ ಅಂಗಡಿಯಲ್ಲಿ, ಒಂದೇ ಸಾಕಾ ಎಂದು ಕೇಳಿದವನಿಗೆ, ಅವರು ಆಮೇಲೆ ಬರುತ್ತಾರೆ, ಅವರದು ಸಕ್ಕರೆ ಇಲ್ಲದ ಟೀ ಎಂದಳು. ಟೀಯವನ ಮುಂದಿನ ಎರಡು ಹಲ್ಲು ಕಟ್ಟಿಸಿದ್ದು, ಅದೂ ಕಳಪೆ ಕೆಲಸ ಎಂಬುದನ್ನು ಗಮನಿಸಿಕೊಂಡಳು. ಪಕ್ಕದ ಕಲ್ಲುಬೆಂಚಿನಲ್ಲಿ ಯಾರೋ ಬೆನ್ನು ತಿರುಗಿಸಿ ಕೂತಿದ್ದರು. ಬೆನ್ನು ನೋಡಿ ಹಲ್ಲು ಹೇಳಲಾಗುವುದಿಲ್ಲ, ಆಕೆ ಗಮನಿಸಲಿಲ್ಲ.

ಹಳೆಯ ವಸ್ತುಗಳ ಸಂಗ್ರಹಾಲಯದಲ್ಲಿ ಕೈಚೀಲ ಇಸಿದುಕೊಳ್ಳುವ ಹೆಂಗಸು ಮಾತಿನ ಮಲ್ಲಿ. ಅವಳಿಗೆ ಯಜಮಾನರ ಗಡಿಯಾರದ ಹುಚ್ಚನ್ನು ಬಣ್ಣಿಸಿದ್ದಾಯಿತು. ಒಳಗೆ ನಾಣ್ಯ, ಕತ್ತಿ, ಯಾವನೋ ರಾಜನ ಹಲ್ಲುಕಡ್ಡಿ ಎಲ್ಲ ನೋಡಿ ಮಧ್ಯಾಹ್ನ ಹೊರಬಂದಾಗ ಆ ಹೆಂಗಸು ಚೀಲ ಕೊಡುತ್ತ ನಕ್ಕಳು.

"ನಿಮ್ಮೆಜಮಾನ್ರು ಈಗಷ್ಟೇ ಹೋದ್ರು. ನಮ್ಮೋಳು ಒಳಗಿದಾಳಾ ಅಂತ ಕೇಳಿದ್ರು. ಗಡಿಯಾರದ ಮುಂದೆ ಎಷ್ಟು ಹೊತ್ತು ನಿಂತಿದ್ರು ಅಂತೀರಿ. ಪಾಪ, ಕಾಲು ಎಳೀತಾರೆ."

ಆಕೆಯೂ ನಕ್ಕಳು. ನಗು ಬಾಗಿಲವರೆಗೆ ಬಾಳಿತು. ಈ ಹೆಂಗಸಿಗೆ ಹೇಳಿದ್ದು ಗಡಿಯಾರದ ವಿಷಯ. ಕಾಲಿನ ವಿಷಯ ಹೇಳಿರಲಿಲ್ಲ.

ಸೇತುವೆಗೆ ಬೇಗ ಬೇಗ ನಡೆದಳು. ಟೀಯವನು ಕೇಳುವ ಮೊದಲೇ ವರದಿ ಒಪ್ಪಿಸಿದ: ಯಜಮಾನರು ಬಂದಿದ್ದರು, ಸಕ್ಕರೆ ಇಲ್ಲದ್ದೇ ಕುಡಿದರು, ಒಳ್ಳೆಯ ಮನುಷ್ಯ. ನೋಡಲು ಹೇಗಿದ್ದರು ಎಂದು ಕೇಳಿದಳು. ಕಟ್ಟಿಸಿದ ಹಲ್ಲೆರಡೂ ಕಾಣುವಂತೆ ನಕ್ಕು, ಅದನ್ನು ನಾನು ಹೇಳಬೇಕಾ ಎಂದ. ಎಳೆಯುತ್ತಿದ್ದದ್ದು ಯಾವ ಕಾಲು ಎಂದು ಕೇಳಿದಳು. ಎಡಗಾಲು ಎಂದ.

ಆಮೇಲೆ ಊರು ತುಂಬ ಕಂದು ಬೂಟುಗಳೇ. ಅಂಗಡಿಗಳ ಗಾಜಿನಲ್ಲಿ ಬೆನ್ನ ಹಿಂದಿನ ಬೀದಿ ನೋಡಿಕೊಂಡು ನಡೆದಳು. ಯಾರೂ ಕುಂಟುತ್ತಿರಲಿಲ್ಲ, ಅದು ಇನ್ನೂ ಕೆಟ್ಟದೆನಿಸಿತು. ವೃತ್ತದಲ್ಲಿದ್ದ ಪೊಲೀಸನಿಗೆ, ಒಬ್ಬ ಹಿಂದೆ ಬಿದ್ದಿದ್ದಾನೆ ಎಂದಳು. ಯಾರು ಎಂದ. ಗೊತ್ತಿಲ್ಲ, ನನ್ನ ಗಂಡ ಅಂತ ಹೇಳಿಕೊಂಡು ಓಡಾಡುತ್ತಿದ್ದಾನೆ ಎಂದಳು. ಗಂಡಹೆಂಡಿರ ವ್ಯಾಜ್ಯ ಮನೆಯಲ್ಲೇ ಬಗೆಹರಿಸಿಕೊಳ್ಳಿ ಎಂದು ಅವನು ಲಾರಿಯೊಂದರ ಕಡೆ ಸೀಟಿ ಊದಿದ.

ಬ್ಯಾಗು ತೆಗೆದುಕೊಂಡು ನೇರ ಬಸ್‌ ನಿಲ್ದಾಣಕ್ಕೆ ಹೋಗಿ ಜನರ ನಡುವೆ ಕೂತುಬಿಡುವುದೆಂದು ಲಾಡ್ಜಿಗೆ ಬಂದಳು. ಸೋಫಾ ಖಾಲಿಯಿತ್ತು. ಕೌಂಟರಿನ ಹಿಂದಿನ ಹಲಗೆಯಲ್ಲಿ ಆಕೆಯ ಕೀಲಿಕೈಯ ಮೊಳೆಯೂ ಖಾಲಿಯಿತ್ತು.

"ಯಜಮಾನ್ರಿಗೆ ಕೊಟ್ಟೆ ಮೇಡಂ. ಮೇಲಿದಾರೆ."

"ನಂಗೆ ಯಜಮಾನ್ರೇ ಇಲ್ಲ."

ಅವನು ಗಾಬರಿಯಾಗಲಿಲ್ಲ. ಅಯ್ಯೋ ಪಾಪ ಎನ್ನುವಂತೆ ತಲೆಯಾಡಿಸಿದ.

"ಹೀಗೇ ಅಂತೀರಿ ಅಂತ ಅವ್ರು ಹೇಳಿದ್ರು. ಕೋಪ ಬಂದ್ರೆ ನಮ್ಮೋಳು ಗಂಡನೇ ಇಲ್ಲ ಅಂದ್ಬಿಡ್ತಾಳೆ, ನೀವು ನಗಬೇಡಿ ಅಂದ್ರು. ಬೆಳಗ್ಗೆ ನೀವೇ ಹೇಳಿದ್ರಲ್ಲ, ಬರ್ತಾರೆ ಅಂತ?"

"ಸುಳ್ಳು ಹೇಳ್ದೆ."

"ಮಂಡಿನೋವೂ ಸುಳ್ಳಾ?" ಎಂದ ಅವನು, ತುಸು ನೊಂದುಕೊಂಡು.

ಬ್ಯಾಗೊಂದನ್ನು ಕೆಳಗೆ ತರಿಸಿಕೊಡಿ, ಸಾಕು ಎಂದಳು. ಅವನು ರೂಮಿಗೆ ಫೋನು ಮಾಡಿ, ಆಗಲಿ ಸರ್, ಪರವಾಗಿಲ್ಲ ಸರ್, ಇಲ್ಲೇ ನಿಂತಿದ್ದಾರೆ ಸರ್ ಎಂದು ಫೋನಿಟ್ಟ.

"ಅವ್ರೇ ತರ್ತಾರಂತೆ. ಇಳಿಯೋದು ಸ್ವಲ್ಪ ನಿಧಾನ ಆಗುತ್ತೆ, ಕೂತಿರಿ ಅಂದ್ರು."

ಮೇಲೆ ಬಾಗಿಲು ತೆರೆದು ಮುಚ್ಚಿತು. ಮೆಟ್ಟಿಲ ಮೇಲೆ ಒಂದು ಹೆಜ್ಜೆ ಬಿತ್ತು, ಇನ್ನೊಂದು ಸವರಿಕೊಂಡು ಬಂತು. ಮತ್ತೆ ಒಂದು ಬಿತ್ತು, ಒಂದು ಸವರಿಕೊಂಡು ಬಂತು. ಯಾವ ಅವಸರವೂ ಇರಲಿಲ್ಲ. ತಿರುವಿನಲ್ಲಿ ಕಂದು ಬೂಟಿನ ಮೂತಿ ಕಾಣಿಸುವಷ್ಟರಲ್ಲಿ ಆಕೆ ಬೀದಿಯಲ್ಲಿದ್ದಳು.

ಬಸ್ಸು ಹೊತ್ತಿಗೆ ಸರಿಯಾಗಿ ಹೊರಟಿತು. ಹಿಂದೆ ಯಾರೂ ಹತ್ತಲಿಲ್ಲ. ಬೆಳಗ್ಗೆ ಬರಿಗೈಲಿ ಬಂದ ತಂಗಿಯನ್ನು ನೋಡಿ ಅಕ್ಕ, ಜೀವಕ್ಕಿಂತ ಬ್ಯಾಗು ದೊಡ್ಡದಾ, ಹೋದರೆ ಹೋಗಲಿ ಬಿಡು ಎಂದಳು. ಬ್ಯಾಗಿಗೆ ಕಟ್ಟಿದ್ದ ಚೀಟಿಯ ನೆನಪು ಇಬ್ಬರಿಗೂ ಬಂತು. ಅಕ್ಕ ಎದ್ದುಹೋಗಿ ಬಾಗಿಲ ಚಿಲಕ ಇನ್ನೊಮ್ಮೆ ನೋಡಿ ಬಂದಳು.

ಬ್ಯಾಗು ಆ ವಾರವೇ ಮನೆಗೆ ಬಂತು. ತಂದವರಿಗೆ ಮಹಡಿಯ ಮೆಟ್ಟಿಲು ಹತ್ತುವುದು ಸ್ವಲ್ಪ ನಿಧಾನವಾಯಿತು.