ಓಟ ನಿಂತ ಮೇಲೆ

ಓಡದಿದ್ದರೆ ಪ್ರಾರ್ಥನೆ ಬರುವುದಿಲ್ಲ ಎಂದು ಯಾರ ಹತ್ತಿರ ಹೇಳಿಕೊಳ್ಳುವುದು? ಹೇಳಿಕೊಂಡರೆ ನಗುತ್ತಾರೆ. ಭೈರೇಶ್ ಹಾಸ್ಟೆಲಿನ ಮೆಟ್ಟಿಲ ಮೇಲೆ ಬಲಗಾಲು ಚಾಚಿ ಕೂತು, ಮೈದಾನ ಸುತ್ತುತ್ತಿದ್ದ ಸಹಪಾಠಿಗಳನ್ನು ನೋಡುತ್ತಿದ್ದ. ಮೊಣಕಾಲಿಗೆ ಬಿಗಿದಿದ್ದ ಪಟ್ಟಿಯ ಒಳಗೆ ತುರಿಸುತ್ತಿತ್ತು.

ಬಾಗಲೂರು ರಸ್ತೆಯ ಆ ದೇವಶಾಸ್ತ್ರ ಕಾಲೇಜಿನಲ್ಲಿ ಪಾದ್ರಿಯಾಗಲು ಓದುವವರು ಎದ್ದ ಕೂಡಲೇ ಓಡಬೇಕು. ಓಡಿ, ಮುಖ ತೊಳೆದು, ನೇರವಾಗಿ ಚಾಪೆಲಿಗೆ ಹೋಗಿ ಮೌನವಾಗಿ ಮಂಡಿಯೂರಬೇಕು. ದೇಹ ದೇವರ ಗುಡಿ, ಗುಡಿಯ ಕಸ ಗುಡಿಸದೆ ದೇವರನ್ನು ಒಳಕ್ಕೆ ಕರೆಯುವುದು ಹೇಗೆ ಎಂದು ಪ್ರಿನ್ಸಿಪಾಲ್ ದೇವಸಹಾಯಂ ಅಯ್ಯನವರ ವಾದ. ಅವರಿಗೆ ಹೊಟ್ಟೆ ಬಂದು ಬಹಳ ಕಾಲವಾಗಿತ್ತು. ಅವರು ನಿಂತಲ್ಲೇ ಸೀಟಿ ಊದುತ್ತಿದ್ದರು.

ಭೈರೇಶ್ ಎಲ್ಲರಿಗಿಂತ ಚೆನ್ನಾಗಿ ಓಡುತ್ತಿದ್ದವನು. ಓಟ ಮುಗಿಸಿ ಮಂಡಿಯೂರಿದರೆ ಎದೆ ಹಗುರಾಗುತ್ತಿತ್ತು, ಕಣ್ಣು ತುಂಬುತ್ತಿತ್ತು, ಪಕ್ಕದಲ್ಲಿ ಯಾರೋ ಬಂದು ಕೂತಂತಾಗುತ್ತಿತ್ತು. ಅವಲಪಲ್ಲಿಯಲ್ಲಿ ರೂಮು ಮಾಡಿಕೊಂಡು ಫ್ಯಾಕ್ಟರಿಯಲ್ಲಿ ಇಂಜಿನಿಯರ್ ಆಗಿದ್ದಾಗಲೂ ಅಷ್ಟೇ. ದೇವರು ತನ್ನನ್ನು ಸೇವೆಗೆ ಕರೆದ ಎಂದು ಅವನಿಗೆ ಮೊದಲು ಅನಿಸಿದ್ದು ಅಲ್ಲೇ, ಒಂದು ಬೆಳಗಿನ ಓಟದ ಕೊನೆಯಲ್ಲಿ. ಅದನ್ನು ನಂಬಿ ಕೆಲಸ ಬಿಟ್ಟ. ಮುನೇಶ್ವರನ ಒಕ್ಕಲಾದ ಅಪ್ಪ ಮುತ್ತರಾಯಪ್ಪ, “ನಾನು ಸತ್ರೆ ಮಣ್ಣಿಗೂ ಬರ್ಬ್ಯಾಡ” ಅಂದಿದ್ದನ್ನೂ ನುಂಗಿಕೊಂಡ.

ವಾಲಿಬಾಲ್ ಆಡುವಾಗ ಮೊಣಕಾಲು ತಿರುಚಿತು. ಓಟ ನಿಂತಿತು. ಆಮೇಲೆ ಆ ಯಾರೋ ಒಂದು ದಿನವೂ ಬರಲಿಲ್ಲ. ಎಲ್ಲರೂ ಮಂಡಿಯೂರಿದ ಚಾಪೆಲಿನಲ್ಲಿ ಇವನೊಬ್ಬ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರೆ, ಅಡುಗೆಮನೆಯ ಕುಕ್ಕರ್ ಕೂಗುವುದಷ್ಟೇ ಕೇಳಿಸುತ್ತಿತ್ತು. ಅವನಿಗೆ ಭಯವಾಗತೊಡಗಿತ್ತು.

ರೂಮಿನ ಗೆಳೆಯ ಮುನೀಶ್ ಬೆವರು ಒರೆಸಿಕೊಳ್ಳುತ್ತಾ ಬಂದು ಪಕ್ಕದಲ್ಲಿ ಕುಸಿದ.

“ಕಾಲು ಹೆಂಗೈತ್ಲಾ?”

“ಐತೆ.”

“ಇವತ್ತು ಅಯ್ಯನೋರಿಗೆ ಏನಂತ ಹೇಳ್ತೀಯ?”

“ನೋಡಾನ.”

“ನೋಡಾಕೇನೈತ್ಲಾ? ಜವಳಗಿರಿ ಸಭೆಯೋರು ಪಾದ್ರಿಯಾಗಿ ನಿನ್ನೇ ಕೇಳ್ತಾವ್ರೆ. ಪುಣ್ಯವಂತ ಕಣ್ಲಾ ನೀನು.”

ಭೈರೇಶ್ ಪಟ್ಟಿಯನ್ನು ಇನ್ನಷ್ಟು ಬಿಗಿ ಮಾಡಿಕೊಂಡ.

ತಿಂಡಿಯಾದ ಮೇಲೆ ಪ್ರಿನ್ಸಿಪಾಲರೇ ಕರೆಸಿದರು. ದೀಕ್ಷೆಗೆ ಹೆಸರು ಕಳಿಸುವ ದಿನ ಅದು. ಒಮ್ಮೆ ದೀಕ್ಷೆಯಾದರೆ ಜೀವಮಾನವಿಡೀ ಪಾದ್ರಿ. ಹಿಂದಕ್ಕೆ ಬರುವ ಮಾತೇ ಇಲ್ಲ.

“ದೇವರ ಕರೆ ಇದೆಯಾ, ಇಲ್ಲವಾ? ಅಷ್ಟೇ ಹೇಳಪ್ಪಾ ತಂಬಿ.”

“ಅದು ಕರೆ ಅಂತ ಹೆಂಗೆ ಗೊತ್ತಾಗುತ್ತೆ ಅಯ್ಯಾ?”

“ಮನಸ್ಸು ಹಗುರ ಆಗುತ್ತೆ.”

“ಬೇರೆ ಯಾವುದರಿಂದಲೋ ಹಗುರಾದ್ರೆ?”

ಅಯ್ಯನವರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು, “ಪ್ರಾರ್ಥನೆ ಮಾಡು. ಮಧ್ಯಾಹ್ನ ಫೋನ್ ಮಾಡ್ತೀನಿ,” ಅಂದರು.

ಅವನು ಪ್ರಾರ್ಥನೆ ಮಾಡಲಿಲ್ಲ. ಹೊಸೂರಿಗೆ ಬಸ್ಸು ಹಿಡಿದ.

ಫಿಸಿಯೋಥೆರಪಿ ಕ್ಲಿನಿಕ್ಕಿನ ಭೂಮಿಕಾ ಅವನ ಕಾಲನ್ನು ಮಡಿಸಿ, ಚಾಚಿ, ಒತ್ತಿ ನೋಡಿದಳು. “ವಾಸಿಯಾಗಿದೆ ಸರ್. ಇವತ್ತು ಸ್ವಲ್ಪ ಓಡಿಸಿ ನೋಡಣ,” ಎಂದು ಟ್ರೆಡ್‌ಮಿಲ್ ಹತ್ತಿಸಿದಳು. ಎದುರಿನ ಗೋಡೆಯ ತುಂಬ ಕಾಡಿನ ದಾರಿಯ ಚಿತ್ರ ಅಂಟಿಸಿದ್ದರು. ಎರಡೂ ಕಡೆ ಎತ್ತರದ ಮರಗಳು, ದಾರಿಯ ಕೊನೆಯಲ್ಲಿ ಬಿಸಿಲು.

ಮೊದಲು ನಡಿಗೆ. ಆಮೇಲೆ ಅವಳು ಗುಂಡಿ ಒತ್ತಿದಳು, ಕಾಲಡಿಯ ಪಟ್ಟಿ ಜೋರಾಯಿತು. ಕಾಲುಗಳಿಗೆ ಹಳೆಯ ಲಯ ಸಿಕ್ಕಿತು. ಬೆನ್ನು ಬೆವರಿತು, ಎದೆ ಹಗುರಾಯಿತು, ಪಕ್ಕದಲ್ಲಿ ಯಾರೋ ಬಂದಂತಾಯಿತು. ಭೈರೇಶನಿಗೆ ಎಂಥ ಸಂತೋಷವಾಯಿತೆಂದರೆ, “ಕರ್ತನೇ” ಎಂದು ಬಾಯಿಬಿಟ್ಟೇ ಕರೆದ.

“ನೋವಾಯ್ತಾ ಸರ್?”

“ಇಲ್ಲ.”

ಆಗ ಅವನೊಳಗಿನ ಹಳೆಯ ಇಂಜಿನಿಯರ್ ಸುಮ್ಮನಿರಲಿಲ್ಲ. “ಸ್ವಲ್ಪ ನಿಧಾನ ಮಾಡಿ,” ಎಂದ. ಪಟ್ಟಿ ನಿಧಾನವಾಯಿತು. ಉಸಿರು ಇಳಿಯಿತು. ಪಕ್ಕದಲ್ಲಿ ಯಾರೂ ಇರಲಿಲ್ಲ.

“ಜೋರು ಮಾಡಿ.”

ಬಂದ.

“ನಿಧಾನ.”

ಹೋದ.

“ಏನ್ ಸರ್, ಮಿಷಿನ್ ಚೆಕ್ ಮಾಡ್ತಿದೀರಾ?” ಎಂದು ಭೂಮಿಕಾ ನಕ್ಕಳು. ಅವನಿಗೂ ನಗಬೇಕೆನಿಸಿತು. ಬಿಟ್ಟುಬಂದ ಕೆಲಸ, ಮುಖ ತಿರುಗಿಸಿದ ಅಪ್ಪ, ಇಷ್ಟು ವರ್ಷದ ಕಣ್ಣೀರು ಎಲ್ಲ ಅವಳ ಬೆರಳಿನ ಕೆಳಗಿನ ಗುಂಡಿಯಲ್ಲಿತ್ತು. “ಜೋರು ಮಾಡಿ,” ಎಂದ ಮತ್ತೆ.

ಸ್ಟೂಲಿನ ಮೇಲಿದ್ದ ಫೋನು ಬಡಿದುಕೊಂಡಿತು. “ಪ್ರಿನ್ಸಿಪಾಲ್ ಅಂತ ಬರ್ತಿದೆ, ಎತ್ತಲಾ ಸರ್?” ಎಂದು ಅವಳೇ ಸ್ಪೀಕರಿಗೆ ಹಾಕಿ ಹಿಡಿದಳು.

“ಏನಪ್ಪಾ, ಕರೆ ಇದೆಯಾ?”

ಇಲ್ಲ ಎನ್ನಲು ಅವನು ಬಾಯಿ ತೆರೆದ. ಎರಡಕ್ಷರದ ಮಾತು. ಉಸಿರು ಸಾಲಲಿಲ್ಲ. “ಅಯ್ಯಾ…” ಎಂದ. ಮತ್ತೆ ಏದುಸಿರು. “ಅಯ್ಯಾ… ಇ…” ಕಣ್ಣಿಂದ ನೀರು ಸುರಿಯುತ್ತಿತ್ತು.

ಆ ಕಡೆ ಅಯ್ಯನವರ ದನಿಯೂ ಒದ್ದೆಯಾಯಿತು. “ಅಳ್ತಿದ್ದೀಯಾ? ಅಳಪ್ಪಾ, ಅಳು. ಪವಿತ್ರಾತ್ಮನೇ ಅಳಿಸ್ತಾನೆ. ಇನ್ನೇನೂ ಹೇಳ್ಬೇಡ, ನನಗೆ ಗೊತ್ತಾಯ್ತು. ಹೆಸರು ಕಳಿಸ್ತೀನಿ. ದೇವರಿಗೆ ಸ್ತೋತ್ರ!”

ಫೋನು ಕಟ್ಟಾಯಿತು. ವಾಪಸು ಮಾಡಿ ಇಲ್ಲ ಎನ್ನಬಹುದಿತ್ತು. ಅದಕ್ಕೆ ಕೆಳಗಿಳಿಯಬೇಕಿತ್ತು.

“ಸಾಕು ಸರ್, ನಿಲ್ಲಿಸ್ತೀನಿ.”

“ಬೇಡ,” ಎಂದ ಭೈರೇಶ್, ಅವಳ ಕೈಯನ್ನು ಪಕ್ಕಕ್ಕೆ ಸರಿಸಿ. “ನಿಲ್ಲಿಸಬೇಡಿ.”

ಗೋಡೆಯ ಕಾಡಿನಲ್ಲಿ ದಾರಿ ತಿರುಗುವ ಕಡೆ, ಬಿಸಿಲು ಬೀಳುವ ಜಾಗದಲ್ಲಿ, ತೇವಕ್ಕೆ ಹಾಳೆ ಕಿತ್ತುಬಂದು ಸಿಮೆಂಟು ಕಾಣುತ್ತಿತ್ತು. ಅವನು ಅಲ್ಲೇ ದೃಷ್ಟಿ ನೆಟ್ಟು, ಕಣ್ಣೀರು ಒರೆಸಿಕೊಳ್ಳದೆ, ಅದರ ಕಡೆಗೇ ಓಡುತ್ತಿದ್ದ. ಕಾಲಡಿಯ ಪಟ್ಟಿ ಅವನನ್ನು ಇದ್ದಲ್ಲೇ ಇಟ್ಟುಕೊಂಡು ಹಿಂದಕ್ಕೆ ಹರಿಯುತ್ತಿತ್ತು.