ದಾನೇಶ್ವರಿಯ ಮೇಲ್ದವಡೆ

ನಾನು ಒಂದು ಮೇಲ್ದವಡೆ, ಬಿಳಿ ಪ್ಲಾಸ್ಟರಿನದು. ಗದಗಿನ ಹಲ್ಲಿನ ಡಾಕ್ಟರರೊಬ್ಬರ ಕೈಯಲ್ಲಿ ಹುಟ್ಟಿದೆ. ಹುಟ್ಟುವಾಗಲೇ ದಣಿದಿದ್ದೆ. ನನಗಿಂತ ಮೊದಲು ಎರಡು ಅಚ್ಚುಗಳು ಕೆಟ್ಟಿದ್ದವು.

ಅಚ್ಚು ಒಂಬತ್ತು ವರ್ಷದ ದಾನೇಶ್ವರಿಯ ಬಾಯಿಯದು. ಅವಳ ಮುಂದಿನ ಹಲ್ಲುಗಳು ಒಂದರ ಮೇಲೊಂದು ಏರಿ ಹೊರಗೆ ಚಾಚಿದ್ದವು. ಬಾಯಿ ಸದಾ ತೆರೆದೇ ಇರುತ್ತಿತ್ತು. ಅಜ್ಜಿ ನೀಲಗಂಗವ್ವ ಕಂಡಾಗಲೆಲ್ಲ "ಬಾಯಿ ಮುಚ್ಚ!" ಎನ್ನುತ್ತಿದ್ದಳು. ತುಟಿ ಕೂಡಿಸು ಎಂಬುದು ಅವಳ ಅರ್ಥ. ತುಟಿ ಕೂಡಿಸಿದರೆ ಹುಡುಗಿಗೆ ಉಸಿರು ಕಟ್ಟುತ್ತಿತ್ತು. ಹಾಗಾಗಿ ಆ ಮಾತಿನ ಇನ್ನೊಂದು ಅರ್ಥ ಹಿಡಿದು ಅವಳು ಮಾತಾಡುವುದನ್ನೇ ಬಿಟ್ಟಳು. ಶಾಲೆಯಲ್ಲಿ ಹಾಜರಿ ಕೂಗಿದರೂ ಕೈ ಎತ್ತುತ್ತಿದ್ದಳಷ್ಟೆ.

ಹಲ್ಲಿನ ಡಾಕ್ಟರ್ ಹಂಚಿನಾಳರು ಅಚ್ಚು ತೆಗೆಯಲು ಮೆತ್ತನೆಯ ಗುಲಾಬಿ ಹಿಟ್ಟು ತುಂಬಿದ ತಟ್ಟೆಯನ್ನು ಅವಳ ಬಾಯಿಗೆ ಒತ್ತಿ, "ಮೂಗಿಲೆ ಉಸಿರಾಡವ್ವಾ" ಎಂದರು. ಅವಳು ಒದ್ದಾಡಿ ಕಿತ್ತೆಸೆದಳು. ಎರಡನೆಯ ಸಲವೂ ಅಷ್ಟೆ.

"ಭಾಳ ಹಟ ಐತ್ರೀ ಇದಕ್ಕ," ಅಂದಳು ಅಜ್ಜಿ.

"ಮೂಗಿಲೆ ಉಸಿರಾಡಾಕ ನಂಗ ಬರಂಗಿಲ್ಲ," ಅಂದಳು ದಾನೇಶ್ವರಿ. ಅಜ್ಜಿ ಅವಳ ದನಿ ಕೇಳಿ ವಾರವಾಗಿತ್ತು.

ಡಾಕ್ಟರರು ತುಟಿ ಕೂಡಿಸಲು ಹೇಳಿ ಮೂಗಿನ ಕೆಳಗೆ ಕನ್ನಡಿ ಹಿಡಿದರು. ಕನ್ನಡಿಗೆ ಹಬೆಯೇ ಹತ್ತಲಿಲ್ಲ.

"ಇದು ಹಟ ಅಲ್ರೀ ಅಜ್ಜಿ. ಮೂಗಿನ ಹಿಂದ ಮಾಂಸ ಬೆಳದಿರಬೇಕು. ಬಾಯಿಲೆ ಉಸಿರಾಡಿದ್ರ ನಾಲಗಿ ಕೆಳಗ ಬೀಳತೈತಿ, ಅಂಗುಳ ಅಗಲ ಆಗಂಗಿಲ್ಲ. ಹಲ್ಲು ಎಲ್ಲಿ ನಿಲ್ಲಬೇಕು ಹೇಳ್ರಿ?"

ಮೂರನೆಯ ಸಲ ಹಿಟ್ಟು ಕಡಿಮೆ ಹಾಕಿ ತೆಗೆದ ಅಚ್ಚಿನಿಂದ ಬಂದವನು ನಾನು. ಅದಕ್ಕೇ ಹಿಂದಿನ ಒಂದು ಹಲ್ಲು ನನಗಿಲ್ಲ.

ಆಮೇಲೆ ಮೂಗಿನ ಡಾಕ್ಟರರು ಆ ಮಾಂಸ ತೆಗೆದರು. ಹಂಚಿನಾಳರು ಅಂಗುಳಕ್ಕೆ ತಂತಿ ಕೂಡಿಸಿ ತಿಂಗಳುಗಟ್ಟಲೆ ಅಗಲಿಸಿದರು. ನನ್ನ ಕೆಲಸ ಮುಗಿದಾಗ ಅಜ್ಜಿ ನನ್ನನ್ನು ಅವರಿಂದ ಕೇಳಿ ಪಡೆದು, ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ತಂದಳು. ಓಣಿಯಲ್ಲಿ ಯಾರಾದರೂ ಮಗುವಿಗೆ "ಬಾಯಿ ಮುಚ್ಚ" ಎಂದರೆ ಸಾಕು, ನನ್ನನ್ನು ಹಿಡಿದು ಓಡುತ್ತಾಳೆ. "ಮೊದಲ ಮೂಗು ನೋಡ್ರವಾ!" ಎಂಟು ವರ್ಷದಿಂದ ಇದೇ ತಿರುಗಾಟ. ಬಿದ್ದು ಎದ್ದು ಇನ್ನೆರಡು ಹಲ್ಲು ಹೋದವು. ಸಾಕಪ್ಪಾ ಸಾಕು ಅನಿಸಿದೆ.

ದಾನೇಶ್ವರಿ ಈಗ ಕಾಲೇಜಿಗೆ ಹೋಗುತ್ತಾಳೆ. ಸಂಜೆ ಮನೆಗೆ ಬಂದರೆ ಅವಳ ಬಾಯಿಗೆ ಬೀಗವಿಲ್ಲ. ಮೊನ್ನೆ ತಲೆನೋವಿನಲ್ಲಿ ಮಲಗಿದ್ದ ಅಜ್ಜಿ ಅವಳ ಮುಗಿಯದ ಕಾಲೇಜಿನ ಸುದ್ದಿ ತಡೆಯಲಾರದೆ "ಬಾಯಿ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ದಿಂಬಿನ ಪಕ್ಕದಲ್ಲಿದ್ದ ನನ್ನ ಇಕ್ಕಟ್ಟಾದ ಅಂಗುಳದ ಮೇಲೆ ಹೆಬ್ಬೆರಳು ಆಡಿಸಿದಳು. ಮೊಮ್ಮಗಳ ದವಡೆ ಬೆಳೆಯಿತು. ನಾನು ಇಷ್ಟಕ್ಕೇ ನಿಂತವನು.

"ಬಾಯಿ ಏನಬೇ?" ಎಂದಳು ದಾನೇಶ್ವರಿ.

"ಏನಿಲ್ಲವಾ. ಮುಂದ ಏನಾತು, ಹೇಳು."