ಹಾಲಮ್ಮನ ಕಿವಿಗೆ ಫಸ್ಟ್ ಕ್ಲಾಸು

ಯಗಟಿಯ ಹಾಲಮ್ಮನ ಕಿವಿ ಎಂದರೆ ಸಾಮಾನ್ಯವೇ? ಅಟ್ಟದ ಮೇಲೆ ಒಣಗಿದ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಒಮ್ಮೆ ಅಲ್ಲಾಡಿಸಿದರೆ ಸಾಕು, ಒಳಗೆ ಕೊಬ್ಬರಿ ಆಗಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದಳು. ಸಿಂಗಟಗೆರೆಯಲ್ಲಿ ಇರುವೆ ಸೀನಿದರೆ ಯಗಟಿಯಲ್ಲಿ ಕೂತು ‘ಚಿರಂಜೀವಿ’ ಎನ್ನುವಂಥ ಕಿವಿ ಅದು. ಆದರೆ ಎರಡು ವರ್ಷದಿಂದ ಕಾಯಿಗಳೇ ಮೂಕವಾಗಿದ್ದವು. ಅವಳು ‘ಆಗೈತೆ’ ಎಂದು ಒಡೆಸಿದ್ದರಲ್ಲಿ ಅರ್ಧಕ್ಕರ್ಧ ಹಸಿ. ಹಾಲಮ್ಮ ತಪ್ಪನ್ನೆಲ್ಲ ಮರದ ಮೇಲೆ ಹಾಕಿದಳು. ಸೊಸೆ ಹೇಮಾವತಿಗೂ ಗುಟ್ಟು ತಿಳಿಯಲಿಲ್ಲ. ಅವಳದು ಹುಟ್ಟಾ ಕಡೂರು ಬಸ್ಸಿನ ಹಾರನ್ನಿನಂಥ ಗಂಟಲು, ಕಲ್ಲಿಗೂ ಕೇಳಿಸುತ್ತದೆ.

ಆಗ ಬಂತು ಮೆಡಿಕಲ್ ಕಾಲೇಜಿನ ವ್ಯಾನು. ಹಳ್ಳಿಯವರ ಕಿವಿ ಯಾಕೆ ಬೇಗ ಕೆಡುತ್ತದೆ, ಕೆಡದಂತೆ ಏನು ಮಾಡಬೇಕು ಎಂದು ಸಂಶೋಧನೆಯಂತೆ. ಶಾಲೆಯ ಕೋಣೆಯಲ್ಲಿ ಅನುಷಾ ಎಂಬ ಹುಡುಗಿ ಹಾಲಮ್ಮನ ತಲೆಗೆ ಹೆಡ್‌ಫೋನ್ ಏರಿಸಿ, ಕೈಗೊಂದು ಗುಂಡಿ ಕೊಟ್ಟು, ಮುಖದ ಹತ್ತಿರ ಬಂದು ಹೇಳಿದಳು: “ಅಜ್ಜಿ, ‘ಕುಂಯ್’ ಅಂದಾಗೆಲ್ಲ ಒತ್ತಿ.”

ಕಿಟಕಿಯಲ್ಲಿ ಊರ ಹೆಂಗಸರ ಮುಖಗಳು. ಫೇಲಾದರೆ ಮಾನ ಹೋಯಿತು! ಸದ್ದು ಕೇಳಲಿಲ್ಲ, ಆದರೆ ಕಣ್ಣಿತ್ತಲ್ಲ. ಯಂತ್ರ ಒತ್ತಿ ಸದ್ದು ಬಿಡುವಾಗೆಲ್ಲ ಅನುಷಾಳ ಕೈಬಳೆ ಒಂಚೂರು ಜಾರುತ್ತಿತ್ತು. ಬಳೆ ಜಾರಿತು, ಹಾಲಮ್ಮ ಒತ್ತಿದಳು.

ಅನುಷಾ ಹೆಡ್‌ಫೋನ್ ತೆಗೆದು ಮತ್ತೆ ಮುಖದ ಹತ್ತಿರ ಬಂದಳು: “ಅಬ್ಬಾ, ಹದಿನಾರರ ಹುಡುಗಿ ಕಿವಿ! ಏನು ಮಾಡ್ತೀರಜ್ಜಿ?”

“ಶನಿವಾರ ಶನಿವಾರ ಬೆಳ್ಳುಳ್ಳಿ ಎಣ್ಣೆ ಬಿಸಿಬಿಸಿ ಬಿಟ್ಕಂಡು, ಹೇರ್‌ಪಿನ್ನಾಗೆ ಕೆರ್ಕಂತೀನಿ ಕಣವ್ವ. ಎಪ್ಪತ್ತು ವರ್ಷದಿಂದ!”

ಅನುಷಾ ಹುಬ್ಬು ಗಂಟಿಕ್ಕಿದಳು, ಆದರೂ ಬರೆದುಕೊಂಡಳು.

ಮುಂದಿನ ಸರದಿ ಆರು ವರ್ಷದ ಮೊಮ್ಮಗಳು ನಿಶ್ಚಿತಾಳದು. ತಿಂಗಳಿಂದ ಅವಳ ಬಲಗಿವಿ ಸೋರುತ್ತಿತ್ತು. ಅನುಷಾ ಬೆಳಕು ಬಿಟ್ಟು ನೋಡಿ, ಜೊತೆಗೆ ಬಂದಿದ್ದ ಡಾಕ್ಟರನ್ನೂ ಕರೆದು ತೋರಿಸಿ ಹೇಳಿದಳು: “ಒಳಗಿನ ತಮಟೇಲಿ ಸಣ್ಣ ತೂತಾಗಿದೆ. ಡಾಕ್ಟರ್ ಕೊಡೋ ಔಷಧಿ ಹಾಕಿ, ನೀರು ಹೋಗದಂಗೆ ನೋಡ್ಕೊಂಡ್ರೆ ಮುಚ್ಚಿಕೊಳ್ಳಬಹುದು. ಎಣ್ಣೆ ಒಂದು ತೊಟ್ಟೂ ಬೇಡ. ಬಿಟ್ರೆ ಈ ಕಿವಿ ಮಂದವಾಗುತ್ತೆ.”

“ಏನ್ ಮೇಡಮ್ಮು ಹಿಂಗಂತೀರಾ!” ಹೇಮಾವತಿಯ ಹಾರನ್ನು ಮೊಳಗಿತು. “ನಮ್ಮತ್ತೆ ಕಿವಿಗೆ ಈಗ್ತಾನೆ ನೀವೇ ಫಸ್ಟ್ ಕ್ಲಾಸ್ ಕೊಟ್ರಿ. ಅದು ಎಣ್ಣೆ ಕುಡ್ದೇ ಬೆಳ್ದಿದ್ ಕಿವಿ! ಇವತ್ತೇ ಶನಿವಾರ, ಮಗೀಗೂ ಬಿಡ್ತೀನಿ.”

ಕಿಟಕಿಯಲ್ಲಿದ್ದ ನೆರೆಮನೆಯ ತೀರ್ಥಮ್ಮ ಆಗಲೇ ತನ್ನ ಮುಡಿಯಿಂದ ಹೇರ್‌ಪಿನ್ ಕಿತ್ತು ಒಳಗೆ ಚಾಚಿದ್ದಳು. “ತಗಳೇ, ಆಮೇಲೆ ನನ್ ಮೊಮ್ಮಗಂಗೂ ಬೇಕು.”

ಹಾಲಮ್ಮ ಒಮ್ಮೆ ಪಿನ್ನು ನೋಡಿದಳು, ಒಮ್ಮೆ ಮಗುವಿನ ಕಿವಿ ನೋಡಿದಳು. ತಟ್ಟನೆ ಎದ್ದಳು.

“ಮಡಗೇ ಪಿನ್ನ! ನಾನು ಕಾಪಿ ಹೊಡ್ದಿದೀನಿ ಕಣೇ!”

ಕೋಣೆ ನಿಶ್ಶಬ್ದವಾಯಿತು. ಹಾಲಮ್ಮನಿಗೇನು, ಮೊದಲೂ ಹಾಗೇ ಇತ್ತು.

“ಈ ಹುಡ್ಗಿ ಬಳೆ ನೋಡ್ಕಂಡು ಒತ್ತಿದೆ. ಹಸಿ ಕಾಯಿ ಒಡ್ಸಿದ್ದೂ ನಾನೇ, ಮರದ ತಪ್ಪಲ್ಲ. ಕಿವುಡಿ ಮಾತು ಕೇಳಿ ಮಗೀನ ಕಿವುಡು ಮಾಡ್ಬೇಡ್ರೇ!”

ಅನುಷಾ ನಗುತ್ತ ಬರೆದದ್ದನ್ನು ಹೊಡೆದುಹಾಕಿ, ಬಳೆ ತೆಗೆದಿಟ್ಟು, ಹಾಲಮ್ಮನ ಕುರ್ಚಿಯನ್ನು ಗೋಡೆಗೆ ತಿರುಗಿಸಿದಳು. ಈ ಸಲ ಹಾಲಮ್ಮ ಭರ್ಜರಿಯಾಗಿ ಫೇಲು! ಪಿನ್ನು ಗುಗ್ಗೆಯನ್ನು ಒಳಕ್ಕೆ ತಳ್ಳಿ ತಳ್ಳಿ ಗಟ್ಟಿ ಮಾಡಿತ್ತು. ಡಾಕ್ಟರು ತೆಗೆದ ಗುಗ್ಗೆಯಲ್ಲಿ ಬುಕ್ಕಾಂಬುಧಿ ಕೆರೆಗೆ ಇನ್ನೊಂದು ಏರಿ ಕಟ್ಟಬಹುದಿತ್ತು. ಅರ್ಧ ಕೇಳುವ ಶಕ್ತಿ ಅಲ್ಲೇ ಮರಳಿತು, ಮಿಕ್ಕದ್ದಕ್ಕೆ ಕಿವಿಗೆ ಹಾಕುವ ಮಿಷನ್ನು ಕೊಡುತ್ತೇವೆಂದರು.

“ಅಯ್ಯಪ್ಪಾ, ಯಾಕೇ ಹೇಮಾ ಹಿಂಗ್ ಕಿರುಚ್ತೀಯ?” ಎಂಬುದೇ ಅವಳ ಮೊದಲ ಮಾತು.

ಮೂರು ತಿಂಗಳು ನಿಶ್ಚಿತಾಳ ತಲೆಗೆ ನೀರು ಹಾಕುವಾಗೆಲ್ಲ ಹಾಲಮ್ಮ ಪೊಲೀಸಿನಂತೆ ಕಾವಲು ನಿಂತಳು. ಸೋರುವುದು ನಿಂತಿತು. ಸೋಮವಾರ ಅನುಷಾ ಮತ್ತೆ ಬರುವವಳಿದ್ದಳು, ಆದರೆ ಹಾಲಮ್ಮನಿಗೆ ತಡೆಯಲಾಗಲಿಲ್ಲ. ಭಾನುವಾರವೇ ಮೊಮ್ಮಗಳನ್ನು ಗೋಡೆಗೆ ಮುಖ ಮಾಡಿ ಕೂರಿಸಿ, “ಸದ್ದು ಕೇಳಿದ್ರೆ ಕೈ ಎತ್ತು” ಎಂದು ಅವಳ ಎಡಗಿವಿ ಒತ್ತಿ ಮುಚ್ಚಿದಳು. ಮೊದಲು ಸುಮ್ಮನೆ ನಿಂತಳು. ಹುಡುಗಿಯ ಕೈ ಏಳಲಿಲ್ಲ. ಆಮೇಲೆ ಬಲಗಡೆ ಒಣಕಾಯಿಯನ್ನು ಮೆಲ್ಲಗೆ ಅಲ್ಲಾಡಿಸಿದಳು.

ಕೈ ಮೇಲೆದ್ದಿತು.

“ಕೊಬ್ಬರಿ ಆಗೈತೆ ಕಣಜ್ಜಿ, ಒಡ್ಸು!”